ತೊಂಬತ್ತು ಪಾಯಿಂಟ್ ಎಂಟರ ಕಳ್ಳ ಸ್ಟೇಷನ್

ರೇಡಿಯೋ ಅಕ್ಕನ ಆಫೀಸೆಂದರೆ ಅಡುಗೆಮನೆಗೂ ಬಚ್ಚಲಿಗೂ ನಡುವಿನ ನಾಲ್ಕಡಿ ಜಾಗ. ಹಾಲ್‌ನಲ್ಲಿ ಟೀವಿ, ಟೀವಿಯೆದುರು ಗಂಡನ ಕುರ್ಚಿ. ಒಳಕೋಣೆಯಲ್ಲಿ ಅತ್ತೆಯ ಮಂಚ. ಇವೆಲ್ಲ ಹೋಗಿ ಉಳಿದದ್ದು ಇಷ್ಟು. ಇಷ್ಟರಲ್ಲೇ ಒಂದು ಮೇಜು, ಒಂದು ಕಂಪ್ಯೂಟರು, ಗೋಡೆಗೆ ಬಡಿದ ಹಲಗೆಯ ಮೇಲೆ ಸಾಲಾಗಿ ಒಂಬತ್ತು ಕಪ್ಪು ಕಡ್ಡಿಗಳು. ಹೆಬ್ಬೆರಳಿನಷ್ಟೇ ದೊಡ್ಡವು. ಬಿಸಿಯಾಗಿ ಕೆಡಬಾರದೆಂದು ಅವುಗಳಿಗೊಂದು ಪುಟ್ಟ ಫ್ಯಾನು. ಬೇಸಿಗೆಯಲ್ಲಿ ಆ ಮನೆಯಲ್ಲಿ ಗಾಳಿಯ ಭಾಗ್ಯ ಮೊದಲು ಕಡ್ಡಿಗಳಿಗೆ, ಆಮೇಲೆ ಅತ್ತೆಗೆ. ಒಲೆಯ ಮುಂದೆ ನಿಲ್ಲುವವಳ ಸರದಿ ಬಂದದ್ದೇ ಇಲ್ಲ.

ಒಂದೊಂದು ಕಡ್ಡಿಯೂ ಒಂದು ರೇಡಿಯೋ. ಆದರೆ ಮಾಮೂಲಿ ರೇಡಿಯೋದಂತೆ ಒಂದು ಸಲಕ್ಕೆ ಒಂದೇ ಸ್ಟೇಷನ್ ಹಿಡಿಯುವುದಲ್ಲ. ಗಾಳಿಯಲ್ಲಿರುವುದರ ಒಂದು ತುಂಡನ್ನೇ ಇಡಿಯಾಗಿ ನುಂಗಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಸ್ಟೇಷನ್‌ಗಳನ್ನು ಬಿಡಿಸಿ, ಕೇಳಿಸಿ, ಉಳಿಸಿಡುವ ಕೆಲಸ ಕಂಪ್ಯೂಟರಿನೊಳಗಿನ ಸಾಫ್ಟ್‌ವೇರಿನದು. ಒಂಬತ್ತು ಕಡ್ಡಿ ಸೇರಿದರೆ ಊರಿನ ಎಫ್‌ಎಂ ಪೂರ್ತಿ. ಪರದೆಯ ಮೇಲೆ ನೀಲಿ ಬಣ್ಣ ಸದಾ ಮೇಲಿನಿಂದ ಕೆಳಗೆ ಇಳಿಯುತ್ತಿರುತ್ತದೆ, ಅದರಲ್ಲಿ ಒಂದೊಂದು ಸ್ಟೇಷನ್ನೂ ಒಂದೊಂದು ಹಳದಿ ಪಟ್ಟೆ. ಯಾವ ಪಟ್ಟೆ ತೆಳ್ಳಗಾಯಿತು, ಯಾವುದು ಮಾತು ನಿಲ್ಲಿಸಿ ಸುಮ್ಮನೆ ನಿಂತಿದೆ, ಯಾವುದು ತನ್ನ ಜಾಗ ಬಿಟ್ಟು ಪಕ್ಕದವರ ಜಾಗಕ್ಕೆ ಕಾಲು ಚಾಚಿದೆ ಎಂದು ನೋಡಿ, ಕೇಳಿ, ಸಂಜೆಯೊಳಗೆ ದಿನವರದಿ ಬರೆದು ರೇಡಿಯೋ ಪ್ರಸಾರಗಳ ನಿಗಾ ಕಚೇರಿಗೆ ಕಳಿಸಬೇಕು. ನಿಗಾ ಕಚೇರಿ ಬೇರೆ ಬೇರೆ ಬಡಾವಣೆಗಳಲ್ಲಿ ಹೀಗೆ ಮನೆಯಲ್ಲೇ ಕೂತು ದಾಖಲಿಸುವವರನ್ನು ಇಟ್ಟುಕೊಂಡಿತ್ತು. ಈ ಬಡಾವಣೆಗೆ ಅಕ್ಕ.

ಬಲಗೈಯಲ್ಲಿ ಮೌಸು, ಎಡಗೈಯಲ್ಲಿ ಸೌಟು. ಕುಕ್ಕರಿನ ಸೀಟಿ ಎಣಿಸುತ್ತಲೇ ಅವಳು ಹದಿನಾಲ್ಕು ಸ್ಟೇಷನ್‌ಗಳ ಉಸಿರು ಎಣಿಸಬಲ್ಲಳು. "ನಮ್ಮನೆಯವಳು ಹಾಡು ಕೇಳ್ಕೊಂಡು ಕೂತಿರ್ತಾಳೆ, ಅದಕ್ಕೆ ಸಂಬಳ ಬೇರೆ" ಎಂದು ಗಂಡ ತನ್ನ ಬಸ್ ಡಿಪೋದಲ್ಲಿ ಹೇಳಿಕೊಂಡು ನಗುತ್ತಿದ್ದ. ಅವನು ಅಲ್ಲಿ ಟೈಮ್‌ಕೀಪರ್. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವವನು. ಅದು ಮಾತ್ರ ಕೆಲಸ, ಇದು ಹಾಡು ಕೇಳುವುದು. ಅಕ್ಕ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ. ಎಂಟು ವರ್ಷದಲ್ಲಿ ಅವಳ ಒಂದು ವರದಿಯೂ ತಿದ್ದುಪಡಿಗೆ ವಾಪಸು ಬಂದಿರಲಿಲ್ಲ. ಇಡೀ ಕಚೇರಿಯಲ್ಲಿ ಹಾಗೆ ಹೇಳಿಕೊಳ್ಳಬಲ್ಲವಳು ಅವಳೊಬ್ಬಳೇ. ಆ ಸಂಗತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಕಚೇರಿಗೂ ಗೊತ್ತಿತ್ತು.

ತಿಂಗಳ ಹಿಂದೆ ತೊಂಬತ್ತು ಪಾಯಿಂಟ್ ಎಂಟರಲ್ಲಿ ಒಂದು ಹೊಸ ಪಟ್ಟೆ ಕಾಣಿಸಿಕೊಂಡಿತು. ಆ ಜಾಗವನ್ನು ಯಾರಿಗೂ ಕೊಟ್ಟಿರಲಿಲ್ಲ. ಕೇಳಿದರೆ ಹರಿದುಹೋದ ದನಿಯಲ್ಲಿ ಯಾವುದೋ ಸಿನಿಮಾ ಹಾಡು, ಅದರಡಿಯಲ್ಲಿ ಇನ್ಯಾವುದೋ ಜಾಹೀರಾತು. ಒಮ್ಮೊಮ್ಮೆ ಕಡ್ಡಿಯೇ ಇಂಥ ಸುಳ್ಳು ಪಟ್ಟೆಗಳನ್ನು ಹುಟ್ಟಿಸುವುದುಂಟು. ಅದರ ಕಿವಿಯನ್ನು ಅತಿಯಾಗಿ ಚುರುಕು ಮಾಡಿಟ್ಟರೆ ಇಲ್ಲದ್ದೂ ಕೇಳಿಸುತ್ತದೆ. ಅಕ್ಕ ಕಿವಿಯನ್ನು ಮಂದ ಮಾಡಿ ನೋಡಿದಳು. ಸುಳ್ಳಾಗಿದ್ದರೆ ಮಾಯವಾಗಬೇಕಿತ್ತು. ಆಗಲಿಲ್ಲ. ಹಾಗಾಗಿ ಧೈರ್ಯವಾಗಿ ಬರೆದಳು: "90.8. ಪರವಾನಗಿ ಇಲ್ಲದ ಪ್ರಸಾರ. ಬೇರೆ ಸ್ಟೇಷನ್‌ಗಳ ಹಾಡು ಕದ್ದು ಹಾಕುತ್ತಿದ್ದಾರೆ. ಹತ್ತಿರದಿಂದಲೇ ಬರುತ್ತಿದೆ."

ನಿಗಾ ಕಚೇರಿಯ ಇಂಜಿನಿಯರು ಒಂದು ಮಧ್ಯಾಹ್ನ ವ್ಯಾನಿನಲ್ಲಿ ಆ ಕಡೆ ಹಾದುಹೋಗುವಾಗ ಪ್ರಸಾರ ಬರುವ ದಿಕ್ಕು ತೋರಿಸುವ ಅವನ ಉಪಕರಣದ ಮುಳ್ಳು ಇದೇ ಬೀದಿಯತ್ತ ತಿರುಗಿತು. ಬೀದಿಯ ಕೊನೆಯಲ್ಲಿ ಗ್ರಂಥಾಲಯ. ಗ್ರಂಥಾಲಯದ ಹಿಂದಿನ ಕೋಣೆಯಿಂದ ತೊಂಬತ್ತು ಪಾಯಿಂಟ್ ನಾಲ್ಕರಲ್ಲಿ ಒಂದು ಪುಟಾಣಿ ರೇಡಿಯೋ ದಿನಾ ಸಂಜೆ ನಾಲ್ಕರಿಂದ ಏಳರವರೆಗೆ ಬರುತ್ತಿತ್ತು. ಗ್ರಂಥಪಾಲಕಿಯೇ ಅದರ ನಿರ್ದೇಶಕಿ, ಉದ್ಘೋಷಕಿ, ಕಸ ಗುಡಿಸುವವಳು. ಯಾವ ಅರ್ಜಿ ಎಲ್ಲಿ ಕೊಡಬೇಕು, ಯಾವ ಬಸ್ಸಿನ ಹೊತ್ತು ಬದಲಾಗಿದೆ, ಯಾರ ಮನೆಯ ಮುದುಕಿಗೆ ಪತ್ರ ಓದಿ ಹೇಳಬೇಕು, ಎಲ್ಲ ಅದರಲ್ಲಿ.

ಇಂಜಿನಿಯರು ಅಕ್ಕನ ದಾಖಲೆಯನ್ನೂ ಗ್ರಂಥಾಲಯದ ಬಾಗಿಲ ಮೇಲಿನ ಬೋರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಕಳ್ಳ ಸ್ಟೇಷನ್ ಬೆಳಿಗ್ಗೆ ಎಂಟರ ಸುಮಾರಿಗೆ ನಿಲ್ಲುತ್ತಿತ್ತು, ಹನ್ನೆರಡರ ಸುಮಾರಿಗೆ ಮತ್ತೆ ಬರುತ್ತಿತ್ತು. ಗ್ರಂಥಾಲಯ ತೆರೆದಿರುವುದು ಎಂಟರಿಂದ ಹನ್ನೆರಡು.

"ಜನ ಬರೋ ಹೊತ್ತಲ್ಲಿ ಆಫ್ ಮಾಡ್ತಾರೆ, ಜನ ಹೋದ್ಮೇಲೆ ಆನ್ ಮಾಡ್ತಾರೆ. ಎಷ್ಟು ಸಲೀಸಾಗಿ ಸಿಕ್ಕಿಬಿಟ್ರು ನೋಡಿ ಮೇಡಂ" ಎಂದ.

ಸಿಕ್ಕಿಬಿದ್ದರು ಎಂದನೇ ಹೊರತು ಹಿಡಿಯಲು ಆಗಿರಲಿಲ್ಲ. ಬಾಗಿಲು ತೆರೆದಿರುವಾಗಲೇ ಒಮ್ಮೆ ಆನ್ ಮಾಡಿದರೆ ಒಳಹೊಕ್ಕು ಕೈಯಾರೆ ಹಿಡಿಯಬಹುದೆಂದು ಆಮೇಲೆ ನಾಲ್ಕು ಸಲ ಬೆಳಿಗ್ಗೆ ಒಂಬತ್ತಕ್ಕೆ ಬಂದ. ನಾಲ್ಕು ಸಲವೂ ಅಕ್ಕನ ತಾರಸಿ ಹತ್ತಿ, ಮುಖಕ್ಕೆ ಬಡಿಯುವ ಒದ್ದೆ ಬಟ್ಟೆಗಳನ್ನು ಸರಿಸಿಕೊಂಡು ಆಂಟೆನಾ ಕಂಬದ ಹತ್ತಿರ ನಿಂತು ಉಪಕರಣ ತಿರುಗಿಸಿದ. ಮುಳ್ಳು ಅಲುಗಲಿಲ್ಲ.

"ಯಾರೋ ಸುದ್ದಿ ಕೊಡ್ತಿದಾರೆ" ಎಂದ ಇಳಿಯುತ್ತಾ, ಅಕ್ಕನ ಮುಖ ನೋಡದೆ.

"ಯಾರೋ ಅಂದ್ರೆ ನಾನಾ?"

"ಹಾಗಂದ್ನಾ ನಾನು?"

"ಬೇರೆ ಯಾರು ಇದಾರೆ ಇಲ್ಲಿ? ಅತ್ತೆ ಇದಾರೆ. ಕೇಳಿ ಅವ್ರನ್ನ."

ಒಳಗಿನಿಂದ ಅತ್ತೆ ಕೂಗಿದರು, "ನಂಗ್ಯಾವ ರೇಡಿಯೋನೂ ಗೊತ್ತಿಲ್ಲಪ್ಪಾ, ನಂಗೆ ಫ್ಯಾನ್ ಬೇಕು ಅಷ್ಟೇ."

ಆ ವಾರವೇ ಗ್ರಂಥಾಲಯಕ್ಕೆ ನೋಟೀಸು ಹೋಯಿತು. ಬರುವ ಸೋಮವಾರ ವಿಚಾರಣೆ. ತಪ್ಪು ಮಾಡಿಲ್ಲವೆಂದು ತೋರಿಸದಿದ್ದರೆ ಪುಟಾಣಿ ರೇಡಿಯೋದ ಪರವಾನಗಿ ರದ್ದು, ಯಂತ್ರ ಜಪ್ತಿ. ಆಧಾರ: ನಿಗಾ ಕಚೇರಿಯ ದಾಖಲೆ, ಅಂದರೆ ಅಕ್ಕನ ದಾಖಲೆ.

ಗ್ರಂಥಪಾಲಕಿ ನೋಟೀಸು ಹಿಡಿದುಕೊಂಡು ನೇರ ಅಕ್ಕನ ಮನೆಗೇ ಬಂದಳು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

"ಅಕ್ಕಾ, ನಮ್ಮ ಹತ್ರ ಇರೋದು ಒಂದು ಮೈಕು, ಒಂದು ಡಬ್ಬಿ. ಡಬ್ಬೀಲಿ ಇರೋದು ಒಂದೇ ಗುಂಡಿ. ಎರಡನೇ ಸ್ಟೇಷನ್ ನಡೆಸೋ ಅಷ್ಟು ಬುದ್ಧಿ ಇದ್ದಿದ್ರೆ ನಾನು ಇಲ್ಲಿರ್ತಿದ್ನಾ?"

"ನಾನು ಕೇಳಿದ್ದನ್ನ ಬರ್ದೆ. ನಿಮ್ಮ ಹೆಸರು ಬರೀಲಿಲ್ಲ."

"ಹೆಸರು ಬರೀಲಿಲ್ಲ, ದಾರಿ ತೋರಿಸಿದ್ರಿ. ಎಂಟು ವರ್ಷ ತಪ್ಪು ಮಾಡಿಲ್ಲ ಅಂತೀರಲ್ಲ, ಹಾಗಾದ್ರೆ ಕಳ್ಳಿ ನಾನೇ ಅಂತ ಆಯ್ತು."

ಹೋದಳು. ಬಾಗಿಲನ್ನು ಮೆಲ್ಲಗೇ ಎಳೆದುಕೊಂಡಳು. ಧಡಾರೆಂದು ಹಾಕಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗುರುವಾರ ನೀರಿನ ಮೋಟಾರು ಕೆಟ್ಟಿತು. ತೊಟ್ಟಿಯಲ್ಲಿದ್ದ ನೀರು ಅಡುಗೆಗೆ, ಸ್ನಾನಕ್ಕೆ ಸಾಕಾಯಿತು. ಬಟ್ಟೆ ಒಗೆಯುವುದನ್ನು ಅಕ್ಕ ಮರುದಿನಕ್ಕೆ ಬಿಟ್ಟಳು. ಮೋಟಾರಿನವನಿಗಾಗಿ ಕಾಯುತ್ತಾ ಒಂಬತ್ತು ಗಂಟೆಗೆ ಪರದೆಯ ಮುಂದೆ ಕೂತರೆ ತೊಂಬತ್ತು ಪಾಯಿಂಟ್ ಎಂಟರ ಪಟ್ಟೆ ರಾಜಾರೋಷವಾಗಿ ಇಳಿಯುತ್ತಿತ್ತು. ಹತ್ತಾಯಿತು, ಹನ್ನೊಂದಾಯಿತು, ಅದು ನಿಲ್ಲಲೇ ಇಲ್ಲ.

ಬಾಗಿಲಿಗೆ ಹೋಗಿ ಬೀದಿಯ ಕೊನೆಗೆ ಕಣ್ಣು ಹಾಯಿಸಿದಳು. ಗ್ರಂಥಾಲಯ ತೆರೆದಿತ್ತು. ಮೆಟ್ಟಿಲ ಮೇಲೆ ಪೇಪರು ಓದುವವರು ಎಂದಿನಂತೆ ಕೂತಿದ್ದರು.

ಅಕ್ಕ ಒಲೆ ಆರಿಸಿ ತಿಂಗಳ ದಾಖಲೆಯನ್ನೆಲ್ಲ ತೆರೆದಳು. ಪ್ರತಿ ದಿನ ಪಟ್ಟೆ ನಿಂತ ಹೊತ್ತು, ಮತ್ತೆ ಬಂದ ಹೊತ್ತನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋದಳು. ಎಂಟೂ ಹತ್ತು. ಎಂಟೂ ಕಾಲು. ಎಂಟೂ ಹತ್ತು. ಭಾನುವಾರಗಳಲ್ಲಿ ಮಾತ್ರ ಹತ್ತೂವರೆ. ಆದರೆ ಭಾನುವಾರ ಗ್ರಂಥಾಲಯ ತೆರೆಯುವುದೇ ಇಲ್ಲ. ಇಷ್ಟು ದಿನ ಇದನ್ನು ಯಾರೂ ನೋಡಿರಲಿಲ್ಲ; ಬರೆದವಳೂ ನೋಡಿರಲಿಲ್ಲ. ಒಂದು ಬುಧವಾರ ಮಾತ್ರ ಪಟ್ಟೆ ಮಧ್ಯಾಹ್ನ ಮೂರು ಗಂಟೆಯವರೆಗೂ ವಾಪಸು ಬಂದಿರಲಿಲ್ಲ. ಏನಿತ್ತು ಆ ಬುಧವಾರ? ನೆನಪಾಯಿತು. ಅತ್ತೆಯ ಎರಡು ದಪ್ಪ ಕಂಬಳಿ ಒಗೆದಿದ್ದಳು. ಕಂಬಳಿ ಒಣಗಲು ಮೂರು ಗಂಟೆಯಾಗಿತ್ತು.

ಪೆನ್ನು ಹಾಗೇ ನಿಂತಿತು. ಎಂಟೂ ಹತ್ತಕ್ಕೆ ಬಕೆಟ್ ಹಿಡಿದು ತಾರಸಿ ಹತ್ತುವವಳು ಯಾರು? ಭಾನುವಾರ ಗಂಡ ಏಳುವುದು ತಡ, ಹಾಸಿಗೆಯ ಬಟ್ಟೆ ಸಿಗುವುದು ತಡ, ಹಾಗಾಗಿ ಹತ್ತೂವರೆಗೆ ಹತ್ತುವವಳು ಯಾರು? ಕಳ್ಳನ ವೇಳಾಪಟ್ಟಿ ಎಂದು ತಿಂಗಳಿಡೀ ಎಲ್ಲರೂ ಓದಿದ್ದು ಅವಳದೇ ವೇಳಾಪಟ್ಟಿ.

ತಾರಸಿಗೆ ಹೋದಳು. ಕಚೇರಿ ನೆಟ್ಟುಕೊಟ್ಟ ಆಂಟೆನಾ ಕಂಬಕ್ಕೆ ಒಂದು ಕಬ್ಬಿಣದ ಬಳೆ. ಆ ಬಳೆಗೆ ಗಂಡ ಒಂದು ಕೊಕ್ಕೆ ಸಿಕ್ಕಿಸಿ ಬಟ್ಟೆಯ ತಂತಿ ಎಳೆದಿದ್ದ. ಕೊಕ್ಕೆ ತುಕ್ಕು ಹಿಡಿದು ಕೆಂಪಗಾಗಿತ್ತು. ತಂತಿಯ ಮೇಲೆ ಏನೂ ಇರಲಿಲ್ಲ. ಕೊಕ್ಕೆ ಬಳೆಯಲ್ಲಿ ಸಡಿಲವಾಗಿ ಜೋಲುತ್ತಿತ್ತು. ಅಕ್ಕ ತಂತಿಯನ್ನು ಎರಡೂ ಕೈಯಿಂದ ಜಗ್ಗಿ ಹಿಡಿದು ಕೆಳಗೆ ಕೂಗಿದಳು.

"ಅತ್ತೇ, ಪರದೆ ಮೇಲೆ 90.8 ಅಂತ ಇರೋ ಕಡೆ ಹಳದಿ ಪಟ್ಟೆ ಇದೆಯಾ ನೋಡಿ!"

ಅತ್ತೆ ಎದ್ದು ಬರಲು ಸ್ವಲ್ಪ ಹೊತ್ತಾಯಿತು. "ಇಲ್ಲ ಕಣೇ! ಏನಾದ್ರೂ ಒಡೆದುಹಾಕಿದ್ಯಾ?"

ತಂತಿ ಬಿಟ್ಟಳು. "ಈಗ?"

"ಬಂತು!"

ಕೆಳಗೆ ಬಂದು ಕೆಲಸಕ್ಕೆ ಸೇರಿದಾಗ ಕೊಟ್ಟಿದ್ದ ತರಬೇತಿ ಪುಸ್ತಕ ಹುಡುಕಿದಳು. ಕೊನೆಯ ಪುಟಗಳಲ್ಲಿ ಇತ್ತು. ತುಕ್ಕು ಹಿಡಿದ ಎರಡು ಲೋಹ ಸಡಿಲವಾಗಿ ತಾಗಿಕೊಂಡಿದ್ದರೆ, ಹತ್ತಿರದ ಎರಡು ಜೋರಾದ ಸ್ಟೇಷನ್‌ಗಳು ಅಲ್ಲಿ ಬೆರೆತು ಮೂರನೆಯದೊಂದು ಸುಳ್ಳು ಸ್ಟೇಷನ್ ಹುಟ್ಟುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡರೆ ಹುಟ್ಟುವುದಿಲ್ಲ. ಒದ್ದೆ ಬಟ್ಟೆಯ ಭಾರ ಬಿದ್ದಾಗ ಕೊಕ್ಕೆ ಕಚ್ಚಿಕೊಳ್ಳುತ್ತಿತ್ತು. ಬಟ್ಟೆ ಒಣಗಿ ಹಗುರಾದ ಮೇಲೆ ಸಡಿಲವಾಗುತ್ತಿತ್ತು. ಯಾವ ಎರಡು ಸ್ಟೇಷನ್ ಎಂದು ಕಂಡುಹಿಡಿಯುವ ಲೆಕ್ಕವೂ ಅಲ್ಲೇ ಇತ್ತು: ಒಂದರ ಎರಡರಷ್ಟರಲ್ಲಿ ಇನ್ನೊಂದನ್ನು ಕಳೆಯಬೇಕು. 93.2ರ ಎರಡರಷ್ಟು 186.4. ಅದರಲ್ಲಿ 95.6 ಕಳೆದರೆ 90.8. ಆ 95.6ರವರು ಮಾರುಕಟ್ಟೆಯ ಹಿಂದೆ ಹೊಸ ಟವರು ನಿಲ್ಲಿಸಿ ಸರಿಯಾಗಿ ಒಂದು ತಿಂಗಳಾಗಿತ್ತು.

ಕಡ್ಡಿಯೊಳಗೆ ಹುಟ್ಟುವ ಸುಳ್ಳನ್ನು ಅವಳು ಪರೀಕ್ಷಿಸಿದ್ದಳು. ಕಡ್ಡಿಯ ಹೊರಗೆ, ತನ್ನ ತಲೆಯ ಮೇಲೆ ಹುಟ್ಟುವ ಸುಳ್ಳನ್ನು ಪರೀಕ್ಷಿಸಿರಲಿಲ್ಲ. ಎರಡು ನಿಮಿಷದ ಲೆಕ್ಕ. ಅದನ್ನು ಹಾಕದೆ ಬಿಟ್ಟದ್ದು ಕುಕ್ಕರಿನ ತಪ್ಪಲ್ಲ, ಅತ್ತೆಯದಲ್ಲ, ಗಂಡನದೂ ಅಲ್ಲ. ತಾನು ತಪ್ಪುವವಳಲ್ಲ ಎಂಬ ನಂಬಿಕೆಯದು. ಇದನ್ನು ಅವಳು ಬೇಗ ಒಪ್ಪಿಕೊಂಡಳು, ಅಳುತ್ತಾ ಕೂರಲಿಲ್ಲ. ಫೋನು ತೆಗೆದಳು.

"ಸರ್, ಶನಿವಾರ ಬನ್ನಿ. ಮಧ್ಯಾಹ್ನ ಎರಡು ಗಂಟೆಗೆ. ಒಂಬತ್ತಕ್ಕೆ ಬರಬೇಡಿ."

"ಯಾಕೆ, ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದೆ. ತೋಳು ಮಡಿಸೋಕೆ ಆಗೋಂಥ ಶರ್ಟು ಹಾಕ್ಕೊಂಡು ಬನ್ನಿ."

ಶನಿವಾರ ಗಂಡನಿಗೆ ರಜೆ. ಅವನನ್ನು ಪರದೆಯ ಮುಂದೆ ಕೂರಿಸಿದಳು. "ನೀವು ಹೊತ್ತು ಬರೆಯೋರಲ್ವಾ, ಬರೀರಿ. ಪಟ್ಟೆ ಹೋದಾಗ ಕೂಗಿ, ಬಂದಾಗ ಕೂಗಿ." ಬಚ್ಚಲಿನಲ್ಲಿ ನೆನೆಸಿಟ್ಟಿದ್ದ ಹೊದಿಕೆಗಳನ್ನು ಎರಡು ಬಕೆಟ್ಟಿಗೆ ತುಂಬಿ ಒಂದನ್ನು ಇಂಜಿನಿಯರಿಗೆ ಕೊಟ್ಟಳು. ಅವನು ಎರಡು ಮೆಟ್ಟಿಲಿಗೊಮ್ಮೆ ಬಕೆಟ್ ಕೆಳಗಿಟ್ಟ.

"ಇಷ್ಟು ಭಾರನಾ ಮೇಡಂ?"

"ದಿನಾ ಎರಡು. ಕಂಬಳಿ ದಿನ ಮೂರು."

ತಾರಸಿಯ ಮೇಲೆ ಅವನ ಉಪಕರಣದ ಮುಳ್ಳು ಹುಚ್ಚೆದ್ದು ಕುಣಿಯಿತು. ಅವನು ಸುತ್ತ ತಿರುಗಿದ; ಮುಳ್ಳು ಕಂಬ ಬಿಟ್ಟು ಅಲ್ಲಾಡಲಿಲ್ಲ.

"ನಿಮ್ಮನೆ ಮೇಲೇನಾ?"

"ನಮ್ಮನೆ ಮೇಲೇ. ಈಗ ಒಂದು ಹೊದಿಕೆ ತಗೊಂಡು ಹಾಕಿ."

"ನಾನಾ?"

"ನಾನು ಹಾಕಿದ್ರೆ ನಾಳೆ ನಾನೇ ಏನೋ ಮಾಡ್ದೆ ಅಂತೀರ. ಹಾಕಿ. ಹಾಗಲ್ಲ, ಮೊದ್ಲು ಹಿಂಡಿ. ಇನ್ನೂ ಹಿಂಡಿ. ಶೂ ಮೇಲೆ ಬೀಳ್ತಿದೆ ನೋಡಿ."

ಒಂದು ಹೊದಿಕೆಗೆ ಏನೂ ಆಗಲಿಲ್ಲ. ಎರಡಕ್ಕೆ ತಂತಿ ಬಾಗಿತು. ಮೂರನೆಯದನ್ನು ಎಸೆದಾಗ ಕೊಕ್ಕೆ ಕಿರ್ರೆಂದು ಬಳೆಗೆ ಕಚ್ಚಿತು.

"ಹೋಯ್ತು!" ಕೆಳಗಿನಿಂದ ಗಂಡನ ದನಿ. "ಎರಡೂ ಹದಿನೇಳು!"

ಮುಳ್ಳು ಸತ್ತುಬಿದ್ದಿತ್ತು. ಇಂಜಿನಿಯರು ತಾನೇ ಮೂರನೆಯದನ್ನು ತೆಗೆದ.

"ಬಂತು! ಎರಡೂ ಹತ್ತೊಂಬತ್ತು!"

ಹೀಗೆ ಆರು ಸಲ. ಆರನೆಯ ಸಲಕ್ಕೆ ಅವನ ಅಂಗಿ ಪೂರ್ತಿ ತೊಯ್ದಿತ್ತು, ಹೊದಿಕೆಯ ಎರಡು ಮೂಲೆ ಸೇರಿಸಿ ಹಾಕುವುದು ಚೆನ್ನಾಗಿ ಬಂದಿತ್ತು.

"ನಾಲ್ಕು ಸಲ ಇಲ್ಲೇ ನಿಂತಿದ್ದೆ" ಎಂದ ಅವನು ಕೊಕ್ಕೆಯನ್ನು ನೋಡುತ್ತಾ. "ಬಟ್ಟೆ ಸರಿಸಿಕೊಂಡು ನಿಂತಿದ್ದೆ."

"ಬಟ್ಟೆ ಸರಿಸಿದ್ರಿ, ಬಟ್ಟೆ ನೋಡಲಿಲ್ಲ" ಎಂದಳು ಅಕ್ಕ. "ನಾನೂ ಪರದೆ ನೋಡಿದೆ, ಲೆಕ್ಕ ನೋಡಲಿಲ್ಲ."

ಕೆಳಗೆ ಅತ್ತೆ ಮಗನಿಗೆ ಹೇಳುತ್ತಿದ್ದುದು ಮೇಲಿನವರೆಗೂ ಕೇಳಿಸಿತು. "ಮೂರು ವರ್ಷದಿಂದ ಬಡ್ಕೋತಿದಾಳೆ, ಆ ಕೊಕ್ಕೆ ಬದಲಾಯ್ಸಿ ಅಂತ. ನಾಳೆ ನಾಳೆ ಅಂದ್ಯಲ್ಲ, ಈಗ ನೋಡು, ಸ್ಟೇಷನ್ ಮಾಲೀಕ ಆಗ್ಬಿಟ್ಟೆ."

"ಅಮ್ಮಾ, ಮೆತ್ತಗೆ. ಸಾಹೇಬ್ರಿದಾರೆ."

"ಇರ್ಲಿ ಬಿಡು. ಅವ್ರಿಗೂ ನೋಟೀಸ್ ಕೊಡೋಕೆ ಸರಿಯಾದ ವಿಳಾಸ ಸಿಕ್ಕಂಗಾಯ್ತು."

ಗಂಡ ಆ ಮಧ್ಯಾಹ್ನವೇ ಪ್ಲಾಸ್ಟಿಕ್ ಹಗ್ಗ ತಂದು ಎರಡು ಗೋಡೆಗಳ ನಡುವೆ ಕಟ್ಟಿದ. ತುಕ್ಕು ಹಿಡಿದ ಕೊಕ್ಕೆ ಇಂಜಿನಿಯರಿನ ಚೀಲಕ್ಕೆ ಸಾಕ್ಷಿಯಾಗಿ ಹೋಯಿತು.

ಮೇಜಿನ ಮುಂದೆ ತಿದ್ದುಪಡಿ ಅರ್ಜಿ ತುಂಬಿಸುವಾಗ ತಕರಾರು ಎದ್ದಿತು. "ಕಂಡುಹಿಡಿದ ವಿಧಾನ" ಎಂಬ ಜಾಗಕ್ಕೆ ಬಂದಾಗ ಇಂಜಿನಿಯರು, "ತಾಂತ್ರಿಕ ಪರಿಶೀಲನೆಯಿಂದ ಕಂಡುಬಂದಿದೆ ಅಂತ ಹಾಕಿ" ಎಂದ. ಅಕ್ಕ ಬರೆದದ್ದು ಹೀಗೆ: "ದಿನವೂ ಬಟ್ಟೆ ಒಗೆದು ಒಣಹಾಕುವವಳು ನಾನು. ಒಣಹಾಕುವ ಹೊತ್ತನ್ನೂ ಪ್ರಸಾರ ನಿಲ್ಲುವ ಹೊತ್ತನ್ನೂ ಹೋಲಿಸಿ ಕಂಡುಹಿಡಿದೆ."

"ಮೇಡಂ, ದೊಡ್ಡವರು ಓದ್ತಾರೆ. ಬಟ್ಟೆ ಗಿಟ್ಟೆ ಅಂತ ಬರೆದ್ರೆ..."

"ಹೊದಿಕೆ ಯಾರು ಹಾಕಿದ್ದು ಅಂತಾನೂ ಬರೀಲಾ?"

ಅವನು ಮುಂದಿನ ಜಾಗಕ್ಕೆ ಬೆರಳು ತೋರಿಸಿದ. "ತಪ್ಪಿಗೆ ಕಾರಣ" ಎಂಬಲ್ಲಿ ಅವಳು ಒಂದು ಕ್ಷಣ ಪೆನ್ನು ಎತ್ತಿ ಹಿಡಿದಳು. ಆಮೇಲೆ "ವರದಿಗಾರ್ತಿ ಹಾಕಬೇಕಾದ ಲೆಕ್ಕ ಹಾಕಲಿಲ್ಲ" ಎಂದು ದುಂಡಗೆ ಬರೆದು ಸಹಿ ಹಾಕಿದಳು. ಎಂಟು ವರ್ಷದ ಮೊದಲ ತಿದ್ದುಪಡಿ.

ಸೋಮವಾರ ವಿಚಾರಣೆಗೆ ಅವಳೂ ಹೋದಳು. ಹೊರಡುವ ಮುಂಚೆ ಗಂಡನಿಗೆ ಕುಕ್ಕರ್ ಇಡುವುದು ಎಲ್ಲಿ, ಎಷ್ಟು ಸೀಟಿ ಎಂದು ಹೇಳಿದ್ದಳು, ಚೀಟಿ ಬರೆದಿಡಲಿಲ್ಲ. ಕಚೇರಿಯ ಉದ್ದನೆಯ ಮೇಜಿನ ಒಂದು ಬದಿಗೆ ಗ್ರಂಥಪಾಲಕಿ ಕೈಕಟ್ಟಿ ಕೂತಿದ್ದಳು. ಮೇಲಧಿಕಾರಿ ತಿದ್ದುಪಡಿಯನ್ನು ಓದಿದರು, ಮತ್ತೆ ಓದಿದರು, ಕನ್ನಡಕ ತೆಗೆದರು.

"ಏನಮ್ಮಾ ಇದು? ಬಟ್ಟೆ ಒಣಹಾಕಿ ಕಂಡುಹಿಡಿದೆ ಅಂತ ಬರೆದಿದೀರಿ. ಇದನ್ನ ಫೈಲಲ್ಲಿ ಇಡೋದಾ?"

"ಇಡಿ ಸರ್. ನಿಮ್ಮ ವ್ಯಾನು ನಾಲ್ಕು ಸಲ ಬಂದು ಏನೂ ಸಿಗಲಿಲ್ಲ ಅನ್ನೋದು ಆಗ್ಲೇ ಫೈಲಲ್ಲಿದೆ. ಅದರ ಪಕ್ಕ ಇಡಿ."

ಇಂಜಿನಿಯರು ಕೆಮ್ಮಿದ. ಆಮೇಲೆ ಚೀಲದಿಂದ ಕೊಕ್ಕೆ ತೆಗೆದು ಮೇಜಿನ ಮೇಲಿಟ್ಟ. "ನಾನೇ ಆರು ಸಲ ಹಾಕಿ ತೆಗೆದು ನೋಡಿದೀನಿ ಸರ್. ಮೇಡಂ ಬರೆದಿರೋದು ಸರಿ." ಹಾಗೆ ಹೇಳಲು ಅವನಿಗೂ ಧೈರ್ಯ ಬೇಕಿತ್ತು ಎಂದು ಅಕ್ಕನಿಗೆ ಅನ್ನಿಸಿತು.

ನೋಟೀಸು ವಾಪಸಾಯಿತು. ಹಿಂಪಡೆದ ಪತ್ರಕ್ಕೆ ಮೊಹರು ಬೀಳಲು ಎರಡು ಗಂಟೆ ಹಿಡಿಯಿತು. ಕೈಗೆ ಸಿಕ್ಕಾಗ ಮೂರೂ ಕಾಲು. ನಾಲ್ಕಕ್ಕೆ ಪುಟಾಣಿ ರೇಡಿಯೋ ಶುರುವಾಗಬೇಕು. ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತರು.

"ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?" ಅಕ್ಕನೇ ಕೇಳಿದಳು.

"ಇದೆ." ಗ್ರಂಥಪಾಲಕಿ ಕಿಟಕಿಯಾಚೆ ನೋಡುತ್ತಿದ್ದಳು. "ಬೀದೀಲೆಲ್ಲ ನಾನು ಕಳ್ಳಿ ಅಂತ ಆಯ್ತಲ್ಲ. ಈ ಕಾಗದ ಹಿಡ್ಕೊಂಡು ಮನೆಮನೆಗೆ ಹೋಗ್ಲಾ?"

"ನೀವ್ಯಾಕೆ ಹೋಗ್ಬೇಕು? ನಾಲ್ಕು ಗಂಟೆಗೆ ಮೈಕ್ ನಂಗೆ ಕೊಡಿ."

ಗ್ರಂಥಪಾಲಕಿ ತಿರುಗಿ ನೋಡಿದಳು. "ಮಾತಾಡ್ತೀರಾ? ರೇಡಿಯೋದಲ್ಲಿ?"

"ಎಂಟು ವರ್ಷದಿಂದ ಬೇರೆಯವ್ರದ್ದೇ ಕೇಳಿದೀನಿ. ಎಲ್ಲೆಲ್ಲಿ ತಡವರಿಸ್ತಾರೆ ಅಂತ ಗೊತ್ತು. ನಾನು ತಡವರಿಸಲ್ಲ."

ನಾಲ್ಕು ಗಂಟೆ ಎರಡು ನಿಮಿಷಕ್ಕೆ, ಪುಸ್ತಕದ ಕಪಾಟುಗಳ ಹಿಂದಿನ ಕೋಣೆಯಲ್ಲಿ, ಅಕ್ಕ ತಾನು ಯಾರು, ಏನು ಬರೆದಿದ್ದೆ, ಅದು ಹೇಗೆ ತಪ್ಪು ಎಂದು ಹೇಳಿದಳು. ತೊಂಬತ್ತು ಪಾಯಿಂಟ್ ಎಂಟರಲ್ಲಿ ಯಾವ ಸ್ಟೇಷನ್ನೂ ಇರಲಿಲ್ಲ, ಗ್ರಂಥಪಾಲಕಿ ಯಾವ ತಪ್ಪನ್ನೂ ಮಾಡಿಲ್ಲ ಎಂದು ಎರಡು ಸಲ ಹೇಳಿದಳು. ಬಟ್ಟೆಯ ಕಥೆಯನ್ನೂ ಬಿಡಲಿಲ್ಲ. ಗಾಜಿನಾಚೆ ಗ್ರಂಥಪಾಲಕಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಮನೆಗೆ ಬಂದಾಗ ಕುಕ್ಕರಿನ ತಳ ಸ್ವಲ್ಪ ಸೀದಿತ್ತು. ಅತ್ತೆ, "ಚೆನ್ನಾಗೇ ಮಾತಾಡ್ದೆ, ನನ್ನ ಕಂಬಳಿ ವಿಷಯ ಯಾಕೆ ಹೇಳ್ಬೇಕಿತ್ತು?" ಎಂದರು. ಗಂಡ ಸೀದ ತಳ ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ. ಅಕ್ಕ ನೇರ ತನ್ನ ನಾಲ್ಕಡಿ ಜಾಗಕ್ಕೆ ಹೋಗಿ ದಿನವರದಿ ತೆರೆದಳು. ಹದಿನಾಲ್ಕು ಸ್ಟೇಷನ್‌ಗಳನ್ನು ಒಂದೊಂದಾಗಿ ಕೇಳಿ, 90.4ರ ಸಾಲಿಗೆ ಬಂದಾಗ ತನ್ನ ದನಿಯನ್ನು ಬೇರೆ ಯಾರದೋ ಎಂಬಂತೆ ಕೊನೆಯವರೆಗೂ ಕೇಳಿಸಿಕೊಂಡು ಬರೆದಳು: "ಸಂಜೆ 4.02. ಹೆಣ್ಣು ದನಿ. ತಿದ್ದುಪಡಿ ಪ್ರಕಟಣೆ, ಆರು ನಿಮಿಷ. ಪ್ರಸಾರ ಸ್ಪಷ್ಟವಾಗಿದೆ. ದನಿ ಸ್ವಲ್ಪ ಜೋರು, ಆದರೆ ಮಿತಿಯೊಳಗಿದೆ."